ದಾರ ಬೇಡದ ಮಲ್ಲಿಗೆ

ಸತ್ಯನಾರಾಯಣಪುರಂ, ವಿಜಯವಾಡ
11 ಫೆಬ್ರವರಿ 2007

ಪ್ರೀತಿಯ ಹೇಮಾ,

ಲಕೋಟೆಯ ಮೇಲಿನ ಅಕ್ಷರ ನೋಡಿ ನೀನು ಅದನ್ನು ತಿರುಗಿಸಿ, ಕಳಿಸಿದವರ ಹೆಸರನ್ನು ಇನ್ನೊಮ್ಮೆ ಓದಿರುತ್ತೀಯ. ನಿನ್ನ ಅಣ್ಣ ತೀರಿಹೋದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಆರಾಮ ಅನ್ನುವ ಮಾತಿನಿಂದ ಮುಂದೆ ಹೋದವರಲ್ಲ. ಆಮೇಲೆ ಅದೂ ನಿಂತಿತು. ನೀನು ಮಾಡುತ್ತೀಯೆಂದು ನಾನು, ನಾನು ಮಾಡುತ್ತೇನೆಂದು ನೀನು.

ಈಗ ಬರೆಯುತ್ತಿರುವುದು ತನುಶ್ರೀಯ ತಲೆಗೂದಲಿನ ವಿಷಯಕ್ಕೆ. ನಗಬೇಡ.

ಅಶೋಕ ಇರುವವರೆಗೆ ಅದು ನನ್ನ ಕೆಲಸವಾಗಿರಲಿಲ್ಲ. ತಿಂಗಳಿಗೊಮ್ಮೆ ಅಪ್ಪ ಮಗಳು ರೈಲ್ವೆ ಕಾಲೋನಿಯ ಸಲೂನಿಗೆ ಹೋಗಿ, ಇಬ್ಬರೂ ಒಂದೇ ಥರ ನುಣ್ಣಗೆ ಕತ್ತರಿಸಿಕೊಂಡು, ದಾರಿಯಲ್ಲಿ ಸೋಡಾ ಕುಡಿದು ಬರುತ್ತಿದ್ದರು. ಅವರ ತಲೆಯ ಮೇಲೆ ಕೈ ಆಡಿಸಿದರೆ ಮಖಮಲ್ಲಿನ ಹಾಗಿರುತ್ತಿತ್ತು. ಅದು ಬೆಳೆದರೆ ಹೇಗಿರುತ್ತದೆಂದು ನಾನು ಒಮ್ಮೆಯೂ ನೋಡಲಿಲ್ಲ, ಕೇಳಲೂ ಇಲ್ಲ. ಅವರು ಹೋದ ಮೇಲೆ ತನು ಸಲೂನಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಬಿಟ್ಟೆ. ಈಗ ಕೂದಲು ಬೆಳೆದಿದೆ. ಕೆಳಗಲ್ಲ, ಸುತ್ತಲೂ.

ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಳು. ನಮ್ಮಮ್ಮ ಹುಬ್ಬಳ್ಳಿಯಲ್ಲಿ ನನಗೆ ಕಲಿಸಿದ್ದನ್ನೇ ನಾನು ಮಾಡುತ್ತೇನೆ. ಎಣ್ಣೆ ಹಚ್ಚಿ, ಬುಡದಿಂದ ತುದಿಯವರೆಗೆ ಬಾಚುವುದು. ಬಾಚಣಿಗೆಯ ಹಲ್ಲು ಕೂದಲಲ್ಲಿ ಉಳಿಯುತ್ತದೆ, ಹಿಡಿ ನನ್ನ ಕೈಯಲ್ಲಿ.

ಇಲ್ಲಿ ಬೇಸಿಗೆ ಬಂತೆಂದರೆ ಹೆಣ್ಣುಮಕ್ಕಳಿಗೆ ಪೂಲಜಡ ಹಾಕುತ್ತಾರೆ, ನಮ್ಮ ಮೊಗ್ಗಿನ ಜಡೆ. ಬೆನ್ನ ತುಂಬ ಮಲ್ಲಿಗೆ ಮೊಗ್ಗು ಹೆಣೆದು, ರೇಷ್ಮೆ ಲಂಗ ಉಡಿಸಿ, ಸ್ಟುಡಿಯೋಕ್ಕೆ ಕರೆದೊಯ್ದು, ಹಿಂದೆ ಕನ್ನಡಿ ಇಟ್ಟು ಮುಖವೂ ಜಡೆಯೂ ಕಾಣುವಂತೆ ಫೋಟೋ ತೆಗೆಸುತ್ತಾರೆ. ಕೆಳಗಿನ ಮನೆಯ ಭ್ರಮರಾಂಬ ಅವರು, ನಮ್ಮ ಮನೆ ಮಾಲೀಕರು, ತಮ್ಮ ಮೊಮ್ಮಗಳ ಅಂಥ ಫೋಟೋವನ್ನು ಹಾಲಿನಲ್ಲಿ ತೂಗುಹಾಕಿದ್ದಾರೆ. ತನು ಆ ಫೋಟೋದ ಮುಂದೆ ನಿಂತುಬಿಡುತ್ತಾಳೆ. ತನಗೂ ಬೇಕಂತೆ. ಬೇರೇನನ್ನೂ ಕೇಳದ ಮಗು ಅದು.

ಭ್ರಮರಾಂಬ ಅವರೇ ದಾರಿ ಹೇಳಿದರು. ಬೆಂಜ್ ಸರ್ಕಲ್ ಹತ್ತಿರ ಒಂದು ಪಾರ್ಲರ್‌ನಲ್ಲಿ ಔಷಧಿ ಹಚ್ಚಿ ಎಂಥ ಕೂದಲನ್ನೂ ನೇರ ಮಾಡುತ್ತಾರಂತೆ. ರಜೆಯಲ್ಲೇ ಆಗಲೆಂದು ಮೇ 21ಕ್ಕೆ ಹೇಳಿ ಬಂದಿದ್ದೇನೆ. ಬಂದ ಮೇಲೆ ಯಾಕೋ ಸಮಾಧಾನವಿಲ್ಲ. ನಿಮ್ಮ ಅವ್ವ ನಿನ್ನ ತಲೆಗೆ ಏನು ಮಾಡುತ್ತಿದ್ದರು?

ನಿನ್ನ ಅತ್ತಿಗೆ,
ಕಮಲಾಕ್ಷಿ


ಮಧುರವಾಡ, ವಿಶಾಖಪಟ್ಣಂ
24 ಫೆಬ್ರವರಿ 2007

ಅತ್ತಿಗೆಗೆ ನಮಸ್ಕಾರ.

ಲಕೋಟೆ ತಿರುಗಿಸಿ ನೋಡಿದ್ದು ನಿಜ. ಒಡೆಯದೆ ಅದನ್ನು ಯೂನಿಫಾರ್ಮಿನ ಜೇಬಿನಲ್ಲಿಟ್ಟುಕೊಂಡು ಇಡೀ ಡ್ಯೂಟಿ ಮುಗಿಸಿದ್ದೂ ನಿಜ. ಕೆಟ್ಟ ಸುದ್ದಿ ಇರಬಹುದೆಂದು ಹೆದರಿದ್ದೆ. ಕೂದಲಿನ ಸುದ್ದಿ ಓದಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ನಕ್ಕೆ. ನಗಬೇಡ ಅಂದಿರಿ, ಅದಕ್ಕೇ ನಗು ಬಂತು.

ಮೊದಲು ಆ ಸಣ್ಣ ಹಲ್ಲಿನ ಬಾಚಣಿಗೆಯನ್ನು ನೀವೇ ಇಟ್ಟುಕೊಳ್ಳಿ. ನಮ್ಮ ಕೂದಲನ್ನು ಒಣಗಿದ್ದಾಗ ಮುಟ್ಟಬಾರದು. ದಿನಾ ಬಾಚಲೂ ಬಾರದು. ಭಾನುವಾರ ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ ಲೋಳೆ ತೆಗೆಯಿರಿ. ತಲೆಗೆ ಧಾರಾಳ ಹಚ್ಚಿ, ಕೂದಲನ್ನು ಪಾಲು ಮಾಡಿ, ಬೆರಳಿನಲ್ಲಿ ಬಿಡಿಸಿ. ತುದಿಯಿಂದ ಶುರು ಮಾಡಿ ಬುಡದ ಕಡೆ ಬರಬೇಕು, ನೀವು ಮಾಡುವುದರ ತಿರುವುಮುರುವು. ತೊಳೆದು ಇನ್ನೂ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ. ಆಮೇಲೆ ತಲೆಗೇ ಅಂಟಿದ ಹಾಗೆ ಸಣ್ಣ ಸಣ್ಣ ಸಾಲು ಜಡೆ. ವಾರಪೂರ್ತಿ ಬಿಚ್ಚುವುದು ಬೇಡ. ಮಲಗುವಾಗ ದಿಂಬಿಗೆ ಹಳೇ ರೇಷ್ಮೆ ಸೀರೆಯ ತುಂಡು ಹೊದಿಸಿ, ಹತ್ತಿ ಬಟ್ಟೆ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಆ ಕೂದಲು ಮೊಂಡಲ್ಲ ಅತ್ತಿಗೆ, ಅದಕ್ಕೆ ಅವಸರ ಆಗುವುದಿಲ್ಲ ಅಷ್ಟೇ.

ಅಣ್ಣನ ಕೂದಲು ನೋಡಿಲ್ಲ ಅಂದಿರಿ. ನಾನು ನೋಡಿದ್ದೇನೆ. ಯಲ್ಲಾಪುರದ ಶಾಲೆಗೆ ಹೋಗುವಾಗ ಅವನ ತಲೆ ಒಂದು ದೊಡ್ಡ ಪೊದೆ. ಬಳಪ ಅದರೊಳಗೇ ಸಿಕ್ಕಿಸಿಕೊಂಡು ಹೋಗುತ್ತಿದ್ದ, ಬಳಪ ಕಳೆಯಿತೆಂದು ಯಾವತ್ತೂ ಹೊಡೆತ ತಿಂದವನಲ್ಲ. ಸಂಜೆ ಅವ್ವ ಅವನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಬೆರಳಾಡಿಸಿದರೆ ಏನೇನೋ ಸಿಗುತ್ತಿತ್ತು. ಬಳಪದ ಚೂರು, ನೇರಳೆ ಬೀಜ, ಒಣ ಹೂವು. ಒಮ್ಮೆ ಜೀವಂತ ಮಿಂಚುಹುಳ. ಅವ್ವ ಸಿಕ್ಕಿದ್ದನ್ನೆಲ್ಲ ಹೊಸ್ತಿಲ ಮೇಲೆ ಸಾಲಾಗಿ ಇಡುತ್ತಿದ್ದಳು, ಅವನು ಅಂದು ಎಲ್ಲೆಲ್ಲಿ ತಿರುಗಿದನೆಂದು ಅದರಿಂದಲೇ ಗೊತ್ತಾಗುತ್ತಿತ್ತು. ಸ್ಪೋರ್ಟ್ಸ್ ಹಾಸ್ಟೆಲಿಗೆ ಸೇರಿದ ಮೊದಲ ವಾರ ಅದನ್ನು ಬೋಳಿಸಿದರು. ಆಮೇಲೆ ಅವನು ಬೆಳೆಸಲಿಲ್ಲ. ಯಾಕೆಂದು ನಮಗೂ ಹೇಳಲಿಲ್ಲ.

ಪಾರ್ಲರ್ ಬೇಡ. ಒಂಬತ್ತು ವರ್ಷದ ಮಗುವಿನ ನೆತ್ತಿಗೆ ಆ ಔಷಧಿ ಬೇಡ. ಅದರ ವಾಸನೆ ನನಗೆ ಗೊತ್ತು.

ಹೇಮಾಕ್ಷಿ


ವಿಜಯವಾಡ
18 ಮಾರ್ಚ್ 2007

ಪ್ರೀತಿಯ ಹೇಮಾ,

ಇಂದು ಮೂರನೆಯ ದಾಸವಾಳದ ಭಾನುವಾರ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ಕೂರುತ್ತೇವೆ. ತನು ನನ್ನ ಮೊಣಕಾಲ ನಡುವೆ. ಲೋಳೆ ಹಚ್ಚಿದ ಮೇಲೆ ಕೂದಲು ಬೆರಳಿಗೆ ದಾರಿ ಬಿಡುತ್ತದೆ. ಒಂದು ಎಳೆಯನ್ನು ಮೆಲ್ಲಗೆ ಎಳೆದರೆ ಅವಳ ಭುಜದವರೆಗೂ ಬರುತ್ತದೆ. ಬಿಟ್ಟರೆ ಸುರುಳಿ ಸುತ್ತಿಕೊಂಡು ಮತ್ತೆ ಮನೆಗೆ ಹೋಗಿಬಿಡುತ್ತದೆ. ಇಷ್ಟು ಉದ್ದ ಎಲ್ಲಿತ್ತು ಅನ್ನಿಸುತ್ತದೆ. ಅವಳು ನಿದ್ದೆಗೆ ಜಾರುತ್ತಾಳೆ, ಕೃಷ್ಣೆಯ ಕಡೆಯಿಂದ ಗಾಳಿ ಬರುತ್ತದೆ, ಕೆಳಗೆ ಭ್ರಮರಾಂಬ ಅವರ ರೇಡಿಯೋ. ನಾನೂ ಅರ್ಧ ನಿದ್ದೆಯಲ್ಲಿ ಬೆರಳಾಡಿಸುತ್ತಿರುತ್ತೇನೆ. ಎಂ.ಎ. ಓದುವಾಗ ಪದ್ಯದ ಒಂದು ಸಾಲಿನ ಮೇಲೆ ಮಧ್ಯಾಹ್ನವಿಡೀ ಕೂರುತ್ತಿದ್ದೆ. ಬ್ಯಾಂಕಿಗೆ ಸೇರಿದ ಮೇಲೆ ಅಷ್ಟು ನಿಧಾನವಾಗಿ ನಾನು ಏನನ್ನೂ ಮಾಡಿರಲಿಲ್ಲ.

ನಮ್ಮ ಶಾಖೆ ಇಬ್ರಾಹಿಂಪಟ್ನಂನಲ್ಲಿ. ಕೊಂಡಪಲ್ಲಿ ಅಲ್ಲೇ ಪಕ್ಕ. ಅಗಲ ಹಲ್ಲಿನ ಬಾಚಣಿಗೆ ಎಲ್ಲೂ ಸಿಗಲಿಲ್ಲವೆಂದು ಬೊಂಬೆ ಮಾಡುವವರೊಬ್ಬರ ಬಳಿ ಮರದಲ್ಲಿ ಮಾಡಿಸಿದೆ. ಇದು ಆಟಕ್ಕೆ ಆಗುವ ಮರ, ಕೆಲಸಕ್ಕೆ ಆಗುವುದಿಲ್ಲ ಅಂದರು ಅವರು. ನಾನು ಕೇಳಲಿಲ್ಲ. ಹಿಡಿಯ ಮೇಲೆ ಹಸಿರು ಗಿಳಿ, ಕೆಂಪು ಕೊಕ್ಕು, ಅಷ್ಟು ಚೆಂದ. ಮೊದಲ ಸಲ ಹಾಕಿದಾಗಲೇ ಎರಡು ಹಲ್ಲು ಪಟಪಟ ಮುರಿದವು. ತನು ಅದನ್ನು ಎಸೆಯಲು ಬಿಡಲಿಲ್ಲ. ನೆತ್ತಿಯ ಹಿಂದೆ ಚುಚ್ಚಿಕೊಂಡು ಮನೆಯೆಲ್ಲ ಓಡಾಡುತ್ತಾಳೆ. ಓಡಿದರೂ ಹಾರಿದರೂ ಬೀಳುವುದಿಲ್ಲ ಆ ಗಿಳಿ. ನನ್ನ ತಲೆಗೆ ಇಟ್ಟುಕೊಂಡೆ, ಜಾರಿ ಬಿತ್ತು.

ಬೆಳಗಿನ ಅಳು ನಿಂತಿದೆ. ಇನ್ನೊಂದು ಶುರುವಾಗಿದೆ. ಸಾಲು ಜಡೆ ಹಾಕಿ ಕಳಿಸಿದರೆ ತಲೆ ಬಾಚಿಲ್ಲವೆಂದು ಶಾಲೆಯ ಟೀಚರು ಡೈರಿಯಲ್ಲಿ ಬರೆದು ಕಳಿಸಿದರು. ನಾನು ಹೋಗಿ ಮಾತಾಡಿದೆ. ಅವರು ಕೆಟ್ಟವರಲ್ಲ, ಆದರೆ ಎರಡು ಜಡೆ, ಮಡಚಿ ರಿಬ್ಬನ್ ಕಟ್ಟಬೇಕು ಅಂತ ನಿಯಮವಂತೆ. ನಮ್ಮವಳದು ಮಡಚುವುದಕ್ಕೆ ಕೆಳಗೆ ಇಳಿಯುವುದೇ ಇಲ್ಲವಲ್ಲ.

ಮೊನ್ನೆ ಕನ್ನಡಿಯ ಮುಂದೆ ಕತ್ತು ಹಿಂದಕ್ಕೆ ಚಾಚಿ, ಎಷ್ಟು ವಾಲಿದರೆ ಕೂದಲು ಬೆನ್ನಿಗೆ ತಾಗುತ್ತದೆ ಎಂದು ನೋಡುತ್ತಿದ್ದಳು. ನನ್ನನ್ನು ಕಂಡು ಸರಿಯಾಗಿ ನಿಂತಳು. "ನೇರ ಆದ್ರೆ ಬೀಳುತ್ತಲ್ವಾಮ್ಮಾ?" ಅಂದಳು. ಹೌದು ಅಂದೆ.

ಮೇ 21ನ್ನು ನಾನು ಇನ್ನೂ ಬಿಡಿಸಿಲ್ಲ. ಬೇಡವೆನ್ನಲು ನನಗೇನು ಹಕ್ಕಿದೆ ಹೇಳು. ನನ್ನದು ಮೊಣಕಾಲುದ್ದದ ಜಡೆಯಾಗಿತ್ತು. ನಾನು ಅದನ್ನು ಕೇಳಿ ಪಡೆದವಳೂ ಅಲ್ಲ.

ಕಮಲಾಕ್ಷಿ


ಮಧುರವಾಡ
30 ಮಾರ್ಚ್ 2007

ಅತ್ತಿಗೆ,

ಪರೀಕ್ಷೆ ಮುಗಿದ ಮೇಲೆ ತನುವನ್ನು ನನ್ನ ಬಳಿ ಕಳಿಸಿ. ಸಮುದ್ರ ನೋಡಲಿ. ನಮ್ಮ ಕೂದಲಿನ ಇನ್ನೊಂದು ತಲೆಯನ್ನೂ ನೋಡಲಿ. ಆಮೇಲೂ ಅವಳಿಗೆ ನೇರ ಕೂದಲೇ ಬೇಕೆಂದರೆ ನಾನು ಎದುರು ಮಾತಾಡುವುದಿಲ್ಲ, ನೀವು 21ಕ್ಕೆ ಕರೆದೊಯ್ಯಿರಿ.

ಹೇಮಾಕ್ಷಿ

ಗಿಳಿ ಬಾಚಣಿಗೆ ಜೊತೆಗೆ ಕಳಿಸಲು ಮರೆಯಬೇಡಿ.


ಮಧುರವಾಡ, ವೈಜಾಗ್
6 ಮೇ 2007

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದೀನಿ. ನೀನು ಹೇಗಿದೀಯ? ಕನ್ನಡದಲ್ಲೇ ಬರಿ ಅಂತ ಅತ್ತೆ ಪಕ್ಕದಲ್ಲೇ ಕೂತಿದಾರೆ. ತಪ್ಪು ಬಂದ್ರೆ ಬೈಬೇಡ.

ಸಮುದ್ರಂ ತುಂಬಾ ದೊಡ್ಡದು. ನೀರಿಗೆ ಹೋಗಿ ಬಂದ್ರೆ ನನ್ನ ಕೂದಲಲ್ಲಿ ನೀರು ಒಳಗೆ ಹೋಗಲ್ಲ, ಮೇಲೆ ಮೇಲೆ ಮುತ್ತಿನ ಥರ ನಿಲ್ಲತ್ತೆ. ಅತ್ತೆ ಕೂದಲಲ್ಲೂ ನಿಲ್ಲತ್ತೆ. ನಾವಿಬ್ರೂ ತಲೆ ಆಡಿಸಿದ್ರೆ ಮಳೆ ಬಂತು. ಒಬ್ಬ ಅಂಕುಲ್ ಮೀರು ಏ ದೇಶಂ, ನಿಮ್ಮದು ಯಾವ ದೇಶ ಅಂತ ಕೇಳಿದ್ರು. ಅತ್ತೆ ಯಲ್ಲಾಪುರಂ ದೇಶಂ ಅಂದ್ರು. ಅಪ್ಪನೂ ಹಂಗೇ ಅಂತಿದ್ರಲ್ಲ.

ಅಮ್ಮ ಒಂದು ವಿಷಯ. ಅತ್ತೆ ಮನೇಲಿ ಬಾಗಿಲ ಹಿಂದೆ ಮೊಳೆಗೆ ಒಂದು ಮುಡಿ ನೇತಾಡ್ತಾ ಇತ್ತು. ಕರೀದು. ನಾನು ಬೆಕ್ಕು ಅನ್ಕೊಂಡೆ. ಅದು ಅತ್ತೆಯ ಸವರಂ, ಕನ್ನಡದಲ್ಲಿ ಚೌರಿ ಅಂತೆ. ಡ್ಯೂಟಿಗೆ ಹೋಗುವಾಗ ತಮ್ಮ ಕೂದಲು ಎಲ್ಲಾ ಗಟ್ಟಿ ಹಿಡಿದು ಕಟ್ಟಿ, ಮೇಲೆ ಅದನ್ನ ಇಟ್ಟು ತುಂಬಾ ಪಿನ್ ಹಾಕ್ತಾರೆ. ಆಗ ಅತ್ತೆ ಬೇರೆ ಥರ ಇರ್ತಾರೆ. ಬಂದ ಮೇಲೆ ತೆಗೆದ್ರೆ ಮತ್ತೆ ಅತ್ತೆ.

ಅದು ಯಾರ ಕೂದಲು ಅಂತ ಕೇಳಿದೆ. ಗೊತ್ತಿಲ್ಲ, ಯಾರೋ ದೇವರಿಗೆ ಕೊಟ್ಟಿದ್ದು ಇರಬೇಕು ಅಂದ್ರು.

ಗಿಳಿ ಚೆನ್ನಾಗಿದೆ. ನೀನು ಬೇಗ ಬಾ.

ನಿನ್ನ ಮಗಳು,
ತನುಶ್ರೀ


ಮಧುರವಾಡ
9 ಮೇ 2007

ಅತ್ತಿಗೆ,

ತನುವಿನ ಕಾಗದ ಬಂದಿರಬೇಕು. ಅವಳು ಬರೆದದ್ದನ್ನು ನಾನು ತಿದ್ದಲಿಲ್ಲ.

ಹದಿನೈದು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅಚ್ಚುಕಟ್ಟಾದ ತುರುಬು ಇರಬೇಕು ಅಂದರು. ಮೊದಲು ಔಷಧಿ ಹಚ್ಚಿಸಿ ನೋಡಿದೆ, ನೆತ್ತಿ ಸುಟ್ಟಿತು. ಆಮೇಲೆ ಸವರಂ ತಂದೆ. ಅಭ್ಯಾಸವಾಯಿತು. ಕೆಲವೊಮ್ಮೆ ಡ್ಯೂಟಿ ಮುಗಿಸಿ ಅದನ್ನು ಮೊಳೆಗೆ ಹಾಕುವಾಗ ಅದರ ಹೆಂಗಸಿನ ಬಗ್ಗೆ ಯೋಚನೆ ಬರುತ್ತದೆ. ಸಿಂಹಾಚಲದ ಬೆಟ್ಟದ ಮೇಲೆ ಹರಕೆ ತೀರಿಸಿ, ಬೋಳು ತಲೆಗೆ ಗಂಧ ಬಳಿದುಕೊಂಡು ಇಳಿದು ಹೋದವಳು. ಅವಳಿಗೆ ಎಂದೋ ಹೊಸ ಕೂದಲು ಬಂದಿರುತ್ತದೆ. ಹಳೆಯದನ್ನು ನಾನು ದಿನಾ ವಾರ್ಡಿಗೆ ಕರೆದೊಯ್ದು ವಾಪಸು ತರುತ್ತಿದ್ದೇನೆ.

ತನು ಮೂರು ದಿನ ಅದನ್ನೇ ನೋಡುತ್ತಿದ್ದಳು. ನಿನ್ನೆ ನಾನು ಕನ್ನಡಿಯ ಮುಂದೆ ಪಿನ್ನು ಚುಚ್ಚುತ್ತಿದ್ದಾಗ, ಒಂದೊಂದಾಗಿ ಪಿನ್ನು ಎತ್ತಿ ಕೊಡುತ್ತಾ ಕೇಳಿದಳು.

"ಅತ್ತೆ, ನಿಮಗೇ ಬೇಡವಾದ ಈ ಕೂದಲು ನನಗೆ ಯಾಕೆ ಬೇಕು?"

ತಮಾಷೆಗಲ್ಲ, ಕೊಂಕಿಗೂ ಅಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಉತ್ತರ ಹೇಳಲು ಬಾಯಿ ತೆರೆದರೆ ಬಾಯಿಯಲ್ಲಿ ಎರಡು ಪಿನ್ನು ಕಚ್ಚಿಕೊಂಡಿದ್ದೆ.

ಅವುಗಳನ್ನು ತೆಗೆದೆ. ತಲೆಯದನ್ನೂ ತೆಗೆದೆ. ನೀರು ಚಿಮುಕಿಸಿ, ಎಣ್ಣೆ ಸವರಿ, ಇದ್ದ ಹಾಗೆ ಬಿಟ್ಟು ಬಸ್ಸು ಹತ್ತಿದೆ. ಇಷ್ಟು ವರ್ಷದಲ್ಲಿ ಡ್ಯೂಟಿಯ ಬಸ್ಸಿನಲ್ಲಿ ಕತ್ತಿನ ಹಿಂದೆ ಗಾಳಿ ತಾಗಿದ್ದೇ ಇರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ವಾಪಸು ಹೋಗಿಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ನಮ್ಮ ಮೇಟ್ರನ್ ರಾಜ್ಯಲಕ್ಷ್ಮಿ ಅವರು ಕನ್ನಡಕದ ಮೇಲಿಂದ ನೋಡಿದರು. ಎದ್ದು ಬಂದು ನನ್ನ ನರ್ಸ್ ಟೋಪಿಯನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಪಿನ್ನೇ ಇಲ್ಲದೆ ಹೇಗೆ ನಿಂತಿದೆ ಎಂದು ಕೇಳಿದರು. ತಾನಾಗೇ ನಿಂತಿದೆ ಮೇಡಂ ಅಂದೆ. ತಮ್ಮದು ದಿನಕ್ಕೆ ಹತ್ತು ಸಲ ಜಾರುತ್ತದೆಂದು ಗೊಣಗಿ ಹೋಗಿ ಕೂತರು. ಈಗಿನ ಮಟ್ಟಿಗೆ ಅಷ್ಟೇ. ನಾಳೆ ಮೇಲಿನವರು ಏನನ್ನುತ್ತಾರೋ ಗೊತ್ತಿಲ್ಲ. ಆದರೆ ಸವರಂ ಮೊಳೆಯ ಮೇಲೇ ಇದೆ.

21ರ ಬಗ್ಗೆ ತನು ಇನ್ನೂ ಏನೂ ಹೇಳಿಲ್ಲ. ಪೂಲಜಡೆಯ ಆಸೆ ಹಾಗೇ ಇದೆ. ನೀವು 19ಕ್ಕೆ ಬನ್ನಿ. ಮೊಗ್ಗು ನಾನು ತಂದಿಟ್ಟಿರುತ್ತೇನೆ. ಏನು ಮಾಡುವುದೋ ನನಗೂ ಗೊತ್ತಿಲ್ಲ.

ಹೇಮಾಕ್ಷಿ


ವಿಜಯವಾಡ
3 ಜೂನ್ 2007

ಪ್ರೀತಿಯ ಹೇಮಾ,

ಆ ಶನಿವಾರ ಸಂಜೆಯ ಡ್ಯೂಟಿಗೆ ನೀನು ಬೇಗ ಹೊರಡಬೇಕಾಯಿತು. ನೀನು ನೋಡದೆ ಹೋದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಅಂದು ರತ್ನಾಚಲ ರೈಲಿನಿಂದ ಇಳಿದಾಗ ನನ್ನ ಕೈಚೀಲದಲ್ಲಿ ಒಂದು ಪೊಟ್ಟಣವಿತ್ತು. ಇಲ್ಲಿನ ಒನ್ ಟೌನ್ ಪೇಟೆಯಲ್ಲಿ ಕೊಂಡ ಸವರಂ, ಮಗುವಿನ ಅಳತೆಯದು. ನಿನ್ನ ಕಾಗದ ಓದಿದ ಮೇಲೂ ಕೊಂಡೆ. ಔಷಧಿ ಬೇಡವೆಂದರೆ ಇದಾದರೂ ಇರಲಿ, ಫೋಟೋದಲ್ಲಿ ಅವಳ ಬೆನ್ನು ಬರಿದಾಗಿರಬಾರದು ಅಂತ. ನೀನು ಬಾಗಿಲು ತೆಗೆದೆ. ನಿನ್ನ ತಲೆಯ ಸುತ್ತ ಬೆಳಕು ಇತ್ತು, ಹಿಂದೆ ಕಿಟಕಿ. ಕ್ಷಣಕಾಲ ಅಶೋಕ ನಿಂತ ಹಾಗೆ ಕಂಡಿತು, ನಾನು ನೋಡದ ಅಶೋಕ. ಪೊಟ್ಟಣ ತೆಗೆಯಲಾಗಲಿಲ್ಲ.

ನೀನು ಅವಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಕೂದಲನ್ನೆಲ್ಲ ಬಿಚ್ಚಿ ಬಿಟ್ಟೆ. ಮೊಗ್ಗಿನ ಬುಟ್ಟಿ ಪಕ್ಕದಲ್ಲಿತ್ತು, ಬಾಳೆನಾರು, ಸೂಜಿ, ದಾರ ಎಲ್ಲ ಇತ್ತು. ಎಲ್ಲಿಗೆ ಹೊಲಿಯುವುದೆಂದು ನಾವಿಬ್ಬರೂ ಯೋಚಿಸುತ್ತಿರುವಾಗ ತನುವೇ ಒಂದು ಮೊಗ್ಗು ತೆಗೆದು, ಗಿಳಿಯನ್ನು ಚುಚ್ಚಿಕೊಳ್ಳುವ ಹಾಗೆ ತೊಟ್ಟನ್ನು ಕೂದಲೊಳಗೆ ಸಿಕ್ಕಿಸಿದಳು. ಅದು ನಿಂತಿತು. ನೀನು ಇನ್ನೊಂದು ಇಟ್ಟೆ. ನಾನು ಇನ್ನೊಂದು. ಆಮೇಲೆ ಮೂವರ ಕೈಯೂ ನಿಲ್ಲಲಿಲ್ಲ. ಬುಟ್ಟಿ ಖಾಲಿಯಾದಾಗ ದಾರದ ಉಂಡೆ ಹಾಗೇ ಇತ್ತು. ನೀನು ಗಡಿಯಾರ ನೋಡಿ ಎದ್ದೆ. ಆಗ ಅವು ಇನ್ನೂ ಬಿಗಿದ ಮೊಗ್ಗುಗಳೇ, ಹಸಿರು ಬಿಳಿ.

ಆಟೋದಲ್ಲಿ ಸಮುದ್ರದ ಗಾಳಿ ಜೋರಾಗಿತ್ತು. ನಾನು ಸೆರಗು ಅಡ್ಡ ಹಿಡಿದೆ. ಬೇಡಮ್ಮಾ ಅಂದಳು. ಒಂದೂ ಉದುರಲಿಲ್ಲ.

ಜಗದಂಬ ಸೆಂಟರಿನ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ವಯಸ್ಸಾದವರು. ಪೂಲಜಡ ಅಂದ ಕೂಡಲೇ ಕನ್ನಡಿಯನ್ನು ಎಳೆದು ತಂದು ಸ್ಟೂಲಿನ ಹಿಂದೆ ನಿಲ್ಲಿಸಿದರು. ತನುವನ್ನು ಕೂರಿಸಿ ಹಿಂದೆ ಬಗ್ಗಿ ನೋಡಿದರು. ಜಡೆ ಎಲ್ಲಮ್ಮಾ ಎಂದು ನನ್ನನ್ನು ಕೇಳಿದರು. ನನ್ನ ಕೈ ಚೀಲದೊಳಗೆ ಹೋಯಿತು, ಹೇಮಾ. ಪೊಟ್ಟಣದ ಕಾಗದ ಸರಸರ ಅಂದಿತು. ತನು ಕನ್ನಡಿಯೊಳಗಿಂದ ನನ್ನನ್ನು ನೋಡುತ್ತಿದ್ದಳು. ನನ್ನ ಕೈ ಎಲ್ಲಿದೆ ಎಂದೂ ನೋಡಿದಳು. ನಾನು ಯಾವುದನ್ನು ಹೊರಗೆ ತೆಗೆಯುತ್ತೇನೆಂದು ಕಾದಳು ಅಷ್ಟೇ.

ಕರವಸ್ತ್ರ ತೆಗೆದು ಅವಳ ಹಣೆಯ ಬೆವರು ಒರೆಸಿದೆ. ಜಡೆ ಇಲ್ಲ, ಇಷ್ಟೇ ಎಂದೆ.

ಅವರು ದೀಪಗಳನ್ನು ಹೊತ್ತಿಸಿದರು. ಸ್ಟುಡಿಯೋ ದೀಪದ ಕಾವು ನಿನಗೆ ಗೊತ್ತಲ್ಲ. ಕೋನ ಸರಿ ಹೋಗುತ್ತಿಲ್ಲವೆಂದು ಕನ್ನಡಿಯನ್ನು ಅತ್ತ ಸರಿಸಿ, ಇತ್ತ ಸರಿಸಿ ಮಾಡುತ್ತಿದ್ದರು. ಅಷ್ಟರಲ್ಲಿ ಒಂದು ಮೊಗ್ಗು ಬಿರಿಯಿತು, ಕಿವಿಯ ಮೇಲಿನದು. ಆಮೇಲೆ ನೆತ್ತಿಯದು. ಆಮೇಲೆ ಎಣಿಸಲಾಗಲಿಲ್ಲ. ಕಾವಿಗೆ ಒಂದಾದ ಮೇಲೊಂದು, ಸುತ್ತಲೂ, ಯಾರೋ ಒಳಗಿಂದ ತಟ್ಟಿ ಎಬ್ಬಿಸುತ್ತಿರುವ ಹಾಗೆ. ಮುಚ್ಚಿದ ಕೋಣೆಯಲ್ಲಿ ವಾಸನೆ ಮೊಣಕಾಲವರೆಗೆ ನೀರು ಏರಿದಂತೆ ಏರಿತು. ತನು ಉಸಿರು ಹಿಡಿದು ಕೂತಿದ್ದಳು. ಆ ಹಿರಿಯರು ಕನ್ನಡಿ ಹಿಡಿದುಕೊಂಡು ಅವಳ ಸುತ್ತ ಒಂದು ಸುತ್ತು ಬಂದರು. ನಿಂತರು. ಕನ್ನಡಿಯನ್ನು ಒಯ್ದು ಗೋಡೆಗೆ ಒರಗಿಸಿಬಿಟ್ಟರು.

"ದೀನಿಕಿ ವೆನಕ ಲೇದಮ್ಮಾ. ಅಂತಾ ಮುಂದೇ."

ಇದಕ್ಕೆ ಹಿಂದೆ ಅನ್ನುವುದೇ ಇಲ್ಲ, ಎಲ್ಲಾ ಮುಂದೇ ಅಂದರು.

ತನು ನಕ್ಕಳು. ಆ ನಗುವಿನ ಫೋಟೋವೇ ಇದರೊಳಗೆ ಇಟ್ಟಿರುವುದು.

21ರ ಬೆಳಿಗ್ಗೆ ಪಾರ್ಲರಿನವರು ಬ್ಯಾಂಕಿಗೆ ಫೋನು ಮಾಡಿದರು. ಬರುವುದಿಲ್ಲ ಅಂದೆ. ಬೇರೆ ದಿನ ಕೊಡಲೇ ಅಂದರು. ಮಗಳನ್ನೇ ಕೇಳಿದೆ, ಬೇಡ ಅಂದಳು ಎಂದೆ. ಸವರಂ ಈಗ ಭ್ರಮರಾಂಬ ಅವರ ಮನೆಯಲ್ಲಿದೆ. ಅವರ ಮೊಮ್ಮಗಳ ಜಡೆ ಈ ಸಲ ಜ್ವರ ಬಂದು ತೆಳ್ಳಗಾಗಿತ್ತು. ಕೊಡಲು ಹೋದಾಗ ಅವರು ತನುವಿನ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿ, ನಿಮಗೆ ನಾರಿನ ಖರ್ಚೂ ಇಲ್ಲ ಬಿಡಿ ಅಂದರು. ಅವರಿಂದ ಅಷ್ಟು ಬಂದರೆ ಅದೇ ಹೆಚ್ಚು. ಶಾಲೆ ಹದಿಮೂರಕ್ಕೆ ಶುರು. ಸಾಲು ಜಡೆಗೆ ರಿಬ್ಬನ್ ಎಲ್ಲಿ ಕಟ್ಟುವುದೆಂದು ಟೀಚರ ಹತ್ತಿರ ನಾನೂ ತನುವೂ ಒಟ್ಟಿಗೆ ಹೋಗಿ ಕೇಳುವವರಿದ್ದೇವೆ.

ಇಂದು ಭಾನುವಾರ. ಮಹಡಿಯ ಮೇಲೆ ಲೋಳೆ ಹಚ್ಚಿ ಬಿಡಿಸುತ್ತಿದ್ದೆ. ಹೂಗಳನ್ನೆಲ್ಲ ಅಂದೇ ತೆಗೆದಿದ್ದೆವೆಂದುಕೊಂಡಿದ್ದೆ. ಬಲಗಿವಿಯ ಹಿಂದೆ, ಬುಡದ ಹತ್ತಿರ, ಬೆರಳಿಗೆ ಏನೋ ತಾಗಿತು. ಒಂದು ಮಲ್ಲಿಗೆ. ಒಣಗಿ ಕಂದಾಗಿತ್ತು, ಎರಡು ತಲೆಸ್ನಾನ ಕಳೆದಿತ್ತು, ಮೂಗಿಗೆ ಹಿಡಿದರೆ ಇನ್ನೂ ಒಂದು ಎಳೆ ವಾಸನೆ. ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟೆ. ಹೊಸ್ತಿಲ ಮೇಲೆ ಸಾಲಾಗಿಟ್ಟ ಬಳಪದ ಚೂರು, ನೇರಳೆ ಬೀಜ ಕಣ್ಣಿಗೆ ಬಂತು. ನಿಮ್ಮ ಅವ್ವನನ್ನು ನಾನು ಕಂಡವಳಲ್ಲ. ಅವರ ಬೆರಳು ಹೇಗಿದ್ದಿರಬೇಕೆಂದು ಇಂದು ಗೊತ್ತಾಯಿತು.

ಕೈ ನಿಂತದ್ದಕ್ಕೆ ತನು ನಿದ್ದೆಯಿಂದ ಎದ್ದು ತಿರುಗಿದಳು. ತೋರಿಸಿದೆ. ತೆಗೆದುಕೊಳ್ಳಲಿಲ್ಲ.

"ಅಲ್ಲೇ ಇಡಮ್ಮಾ," ಅಂದಳು.

ಇಟ್ಟೆ. ನಿಂತಿತು.

ದಸರೆಗೆ ಬಾ. ಮೂವರೂ ಮಹಡಿಯ ಮೇಲೆ ಕೂರೋಣ.

ನಿನ್ನ,
ಕಮಲಾಕ್ಷಿ